ಹಳೆಯ ಎಂಜಿನ್ನು, ಹೊಸ ಸೇತುವೆ

ಹಳೆಯ ವಸ್ತುವೊಂದನ್ನು ಮನೆಯಲ್ಲಿ ಇರಿಸಿಕೊಳ್ಳಬೇಕೇ, ಹೊರಗೆ ಹಾಕಬೇಕೇ ಎಂಬ ಪ್ರಶ್ನೆ ಎದ್ದಿತೆಂದರೆ, ಸಂಸಾರದಲ್ಲಿ ಪಕ್ಷ ಪ್ರತಿಪಕ್ಷಗಳು ಹುಟ್ಟಿಕೊಂಡವೆಂದೇ ತಿಳಿಯಬೇಕು. ಈಚೆಗೆ ಕುಂಸಿಯಲ್ಲಿರುವ ಅಕ್ಕನ ಮನೆಗೆ ಹೋದಾಗ, ಇಂಥದೊಂದು ವಾಗ್ವಾದದ ನಡುವೆಯೇ ನಾನು ಕಾಲಿರಿಸಿದೆನು.

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟರೆ ಆಯನೂರಿನ ಆಚೆಗೆ ಕುಂಸಿ. ಅದು ದೋಣಿ ನಡೆಸುವವರ ಊರಲ್ಲ. ಆದರೂ ಅಕ್ಕನ ಮನೆಯ ಕೊಟ್ಟಿಗೆಯಲ್ಲಿ, ಗೋಣಿಚೀಲಗಳ ಮರೆಯಲ್ಲಿ, ದೋಣಿಯ ಎಂಜಿನ್ನೊಂದು ವರ್ಷಗಳಿಂದ ಮಲಗಿತ್ತು. ದೋಣಿಯ ಹಿಂಬದಿಯ ಹಲಗೆಗೆ ಬಿಗಿದು ನೀರಿಗೆ ಇಳಿಬಿಡುವ ಈ ಯಂತ್ರಕ್ಕೆ ಔಟ್‌ಬೋರ್ಡ್ ಎಂದು ಹೆಸರು. ಕರಾವಳಿಯ ನಾಡದೋಣಿಗಳಲ್ಲಿ ಓದುಗರು ಇದನ್ನು ನೋಡಿರಬಹುದು. ಪೆಟ್ರೋಲಿನಲ್ಲಿ ಎಚ್ಚರಗೊಂಡು, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ ಜಾತಿಯದು.

ಇದು ಕುಂಸಿಗೆ ಬಂದುದಕ್ಕೆ ಕಾರಣ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಭಾವನ ತಂದೆಯವರ ಊರು ಮುಳುಗಿತು. ಮುಳುಗಡೆಯಾದ ಎಷ್ಟೋ ಕುಟುಂಬಗಳಂತೆ ಅವರೂ ಶಿವಮೊಗ್ಗದ ಕಡೆಗೆ ಬಂದು ನೆಲೆಸಿದರು. ಆದರೆ ಅವರ ತಂಗಿಯನ್ನು ಕೊಟ್ಟಿದ್ದುದು ಹಿನ್ನೀರಿನ ಆಚೆಯ ತುಮರಿಯ ಕಡೆಗೆ. ಅಲ್ಲಿಗೆ ಲಾಂಚಿನಲ್ಲಿ ದಾಟಬೇಕು. ಸಂಜೆ ಲಾಂಚು ನಿಂತರೆ ಬೆಳಗಿನವರೆಗೆ ಎರಡು ದಡಗಳಿಗೂ ಮಾತಿಲ್ಲ. ಆದ್ದರಿಂದ ಹಿರಿಯರು ಕರಾವಳಿಯಿಂದ ಈ ಎಂಜಿನ್ನನ್ನು ಹಳೆಯದಾಗಿಯೇ ಕೊಂಡು ತಂದು ತಂಗಿಯ ಮನೆಯ ದೋಣಿಗೆ ಬಿಗಿದರು. ಒಂದು ಮಳೆಗಾಲದ ರಾತ್ರಿ ಹೆರಿಗೆಯ ನೋವಿನಲ್ಲಿದ್ದ ಆ ಮನೆಯ ಸೊಸೆಯನ್ನು ದಡ ಸೇರಿಸಿದುದು ಇದೇ ಎಂಜಿನ್ನಂತೆ. ದೋಣಿ ಶಿಥಿಲವಾದ ಮೇಲೆ ಅದು ಕುಂಸಿಯ ಕೊಟ್ಟಿಗೆಯನ್ನು ಸೇರಿತು.

“ಅಪ್ಪಯ್ಯನ ಎಂಜಿನ್ನು, ಬಿಚ್ಚಿಸಿ ಹೊಸದರಂತೆ ಮಾಡಿಸುತ್ತೇನೆ” ಎಂದರು ಭಾವ. “ಗುಜರಿಗೆ ಹಾಕುವುದನ್ನು ಬಿಟ್ಟು!” ಎಂದ ಮಗರಾಯ. ಅಕ್ಕ ಮಾತ್ರ “ಖರ್ಚೆಷ್ಟು?” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಭಾವ ಕರಾವಳಿಯಲ್ಲಿ ಕೆಲಸ ಕಲಿತ ಮೆಕ್ಯಾನಿಕರೊಬ್ಬರನ್ನು ಕರೆಸಿದ್ದರು. ಆತನ ಕ್ರಮ ನನಗೆ ಬಹಳ ಹಿಡಿಸಿತು. ಹಣ ಖರ್ಚಾಗದ ಪರೀಕ್ಷೆಗಳೆಲ್ಲ ಮೊದಲು. ಪ್ಲಗ್ಗುಗಳನ್ನು ಬಿಚ್ಚಿ, ಎರಡು ಸಿಲಿಂಡರಿಗೂ ಎಣ್ಣೆ ಬಿಟ್ಟು ಎರಡು ದಿನ ಕಾದರು. ಬಳಿಕ ಹಗ್ಗ ಎಳೆದಾಗ ಎಂಜಿನ್ನು ತಿರುಗಿತು. ಭಾವನ ಮುಖ ಅರಳಿತು. ಎರಡೂ ಸಿಲಿಂಡರುಗಳ ಒತ್ತಡವನ್ನು ಅಳೆದುದಾಯಿತು. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿರಬಾರದೆಂಬುದು ಆತನ ಅಳತೆಗೋಲು. ಇಲ್ಲಿ ಅಂತರ ಅದನ್ನು ಮೀರಿತ್ತು. ಕೆಳಗಿನ ಗೇರು ಪೆಟ್ಟಿಗೆಯ ತಿರುಪನ್ನು ಸಡಿಲಿಸಿದಾಗ ಬಂದುದು ಎಣ್ಣೆಯಲ್ಲ, ಹಾಲಿನಂತೆ ಬೆಳ್ಳಗಾದ ದ್ರವ. ಎಂದರೆ ಸೀಲು ಹೋಗಿ ನೀರು ಒಳಹೊಕ್ಕಿತ್ತು. ಇಂಥ ಎಂಜಿನ್ನಿನಲ್ಲಿ ಒಳಗಿನ ಬೇರಿಂಗುಗಳಿಗೆ ಇಂಧನದೊಡನೆ ಬೆರೆತು ಬರುವ ಎಣ್ಣೆಯೇ ಆಧಾರ. ಓಡದೆ ವರ್ಷಗಟ್ಟಲೆ ಬಿದ್ದಿದ್ದರೆ ಅವಕ್ಕೂ ತುಕ್ಕು ತಪ್ಪಿದ್ದಲ್ಲ.

“ಕಾರ್ಬುರೇಟರು ತೊಳೆದು, ನೀರೆತ್ತುವ ಪಂಪಿನ ರಬ್ಬರು ಚಕ್ರ ಬದಲಿಸಿ, ಹೇಗೋ ಹೊರಡಿಸಿಕೊಡಿ” ಎಂದು ಭಾವ ಅಂಗಲಾಚಿದರು.

ಆತ ಕೈ ಒರೆಸಿಕೊಂಡು ಹೇಳಿದ ಮಾತು ಇದು: “ಸ್ವಾಮಿ, ರಸ್ತೆಯಲ್ಲಿ ಲಾರಿ ನಿಂತರೆ ಇಳಿದು ತಳ್ಳಬಹುದು. ಇದು ನಡುನೀರಿನಲ್ಲಿ ನಿಂತರೆ ಇಳಿಯುವುದೆಲ್ಲಿಗೆ? ಮಾಡಿದರೆ ಪೂರ್ತಿ ಮಾಡಬೇಕು. ಅರ್ಧ ರಿಪೇರಿ ನಾನು ಮಾಡುವವನಲ್ಲ.”

ಪೂರ್ತಿ ಮಾಡಿಸಲು ಬಿಡಿಭಾಗಗಳು ಬೇಕಷ್ಟೆ. ಈ ಬಗೆಯ ಯಂತ್ರವನ್ನು 1909ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದು ಜನಪ್ರಿಯಗೊಳಿಸಿದವರು ಓಲೆ ಇವಿನ್‌ರೂಡ್. ಅವರ ಹೆಸರಿನ ಎಂಜಿನ್ನುಗಳ ತಯಾರಿಕೆಯೇ 2020ರಲ್ಲಿ ನಿಂತುಹೋಯಿತೆಂದ ಮೇಲೆ, ಕೊಟ್ಟಿಗೆಯ ಈ ಅನಾಮಧೇಯನ ಪಾಡೇನು? ಭಾವ ಮೌನವಾಗಿ ಕುಳಿತರು. ಅವರ ಕಣ್ಣ ಮುಂದಿದ್ದುದು ಕಬ್ಬಿಣವಲ್ಲ, ತಂದೆ ಎಂಬುದನ್ನು ಯಾರಾದರೂ ಬಲ್ಲರು.

ಆಗ ಒಳಗಿನಿಂದ ಅವರ ತಾಯಿ ಗೋಡೆ ಹಿಡಿದುಕೊಂಡು ಬಂದರು. “ಅವರು ಇದನ್ನು ತಂದದ್ದು ಆ ದಡ ಮುಟ್ಟುವುದಕ್ಕೆ, ಮಗಾ. ಈಗ ಸೇತುವೆಯಾಗಿದೆಯಂತಲ್ಲ, ನನ್ನನ್ನೊಮ್ಮೆ ಕರೆದುಕೊಂಡು ಹೋಗು. ನಾದಿನಿಯ ಮುಖ ನೋಡಿ ಎಷ್ಟು ವರ್ಷವಾಯಿತು!”

ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಆ ಸೇತುವೆ, ಸುಮಾರು 2.44 ಕಿಲೋಮೀಟರ್ ಉದ್ದದ್ದು, 2025ರ ಜುಲೈ 14ರಂದು ತೆರೆಯಿತು. ನಮಗಾರಿಗೂ ಹೊಳೆಯದಿದ್ದುದು ಆ ಮುದುಕಿಗೆ ಹೊಳೆದಿತ್ತು. ಯಂತ್ರ ಓಡೀತೇ ಎಂದು ನಾವೆಲ್ಲ ಕೇಳಿದೆವು. ಅದು ಯಾರನ್ನು ಎಲ್ಲಿಗೆ ಮುಟ್ಟಿಸಬೇಕು ಎಂದು ಕೇಳಿದವರು ಅವರೊಬ್ಬರೇ.

ಮುಂದಿನ ಭಾನುವಾರ ಎಲ್ಲರೂ ಕಾರಿನಲ್ಲಿ ಹೊರಟೆವು. ಸೇತುವೆಯ ಮೇಲೆ ಆಕೆ ಕಿಟಕಿಗೆ ಹಣೆಯೊತ್ತಿ ನೀರನ್ನೇ ನೋಡುತ್ತಿದ್ದರು. ಲಾಂಚಿನಲ್ಲಿ ಕಾದು ಕಾದು ದಾಟುತ್ತಿದ್ದ ನೀರು ಕೆಲವೇ ನಿಮಿಷಗಳಲ್ಲಿ ಹಿಂದಾಯಿತು. “ಇಷ್ಟೇ ದೂರವೇ?” ಎಂದರು, ಅಷ್ಟೆ.

ಎಂಜಿನ್ನು ಗುಜರಿಗೆ ಹೋಗಲಿಲ್ಲ. ಒರೆಸಿ, ಎಣ್ಣೆ ಹಚ್ಚಿ, ಜಗಲಿಯ ಮೂಲೆಯಲ್ಲಿ ಮರದ ಕುದುರೆಯ ಮೇಲೆ ನಿಲ್ಲಿಸಿದ್ದಾರೆ. ರಿಪೇರಿಗೆಂದು ಭಾವ ತೆಗೆದಿರಿಸಿದ್ದ ಹಣ ಈಗ ತಿಂಗಳಿಗೊಮ್ಮೆ ತುಮರಿಗೆ ಹೋಗಿಬರಲು ಸಲ್ಲುತ್ತಿದೆ. ಅಕ್ಕ ಅದರ ಲೆಕ್ಕ ಕೇಳುವುದಿಲ್ಲ.