ಬದಲಿಸುವ ಮುನ್ನ ಬಿಚ್ಚಿ ನೋಡೋಣ

ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಸೇರಿ ಐದು ತಿಂಗಳಾಗಿತ್ತು. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಹಳೆಯ ಆಟೊಮ್ಯಾಟಿಕ್ ಕಾರು ತಂದರು. ಎರಡನೇ ಗೇರ್‌ನಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದಂತೆ ಜರ್ಕ್ ಹೊಡೆಯುತ್ತಿತ್ತು. ಸ್ಕ್ಯಾನರ್ ಹಚ್ಚಿದೆ, ಕೋಡ್ ಬಂತು. ‘ವಾಲ್ವ್ ಬಾಡಿ ಹೋಗಿದೆ ಸರ್, ಹೊಸದೇ ಹಾಕಬೇಕು’ ಎಂದುಬಿಟ್ಟೆ. ಅವರು ನನ್ನ ಮಾತು ನಂಬಿ ₹70 ಸಾವಿರ ಕೊಟ್ಟರು. ಕಾರು ಸರಿಯಾಯಿತು. ನಾನು ಬೀಗಿದೆ.

ಅಂದು ಸಂಜೆ ಗುಜರಿಗೆ ಹಾಕಿದ್ದ ಹಳೆಯ ವಾಲ್ವ್ ಬಾಡಿಯನ್ನು ನಮ್ಮ ಉಸ್ತಾದ್ ಎತ್ತಿಕೊಂಡರು. ‘ಇದನ್ನ ಬಿಚ್ಚಿ ನೋಡಿದ್ಯೇನೋ ತಮ್ಮಾ?’

‘ಇಲ್ರೀ, ಕೋಡ್ ಬಂದಿತ್ತು...’

‘ಕೋಡ್ ಎಲ್ಲಿ ನೋಡಬೇಕಂತ ಹೇಳತೈತಿ. ನೋಡೂದು ನಿನ್ನ ಕೆಲಸ.’

ವಾಲ್ವ್ ಬಾಡಿ ಎಂದರೆ ಚಕ್ಕುಲಿಯಂತೆ ಸುತ್ತುವ ಕಾಲುವೆಗಳಿರುವ ಅಲ್ಯೂಮಿನಿಯಂ ಅಚ್ಚು. ಯಾವ ಕ್ಲಚ್‌ಗೆ ಯಾವಾಗ ಎಷ್ಟು ಒತ್ತಡದ ಆಯಿಲ್ ಹೋಗಬೇಕು ಎಂಬುದನ್ನು ಇದರೊಳಗಿನ ಸಣ್ಣ ವಾಲ್ವ್‌ಗಳು, ಸ್ಪ್ರಿಂಗ್‌ಗಳು, ಸೊಲೆನಾಯ್ಡ್‌ಗಳು ನಿಯಂತ್ರಿಸುತ್ತವೆ. ಉಸ್ತಾದ್ ಒಂದು ವಾಲ್ವನ್ನು ಒತ್ತಿದರು, ಅಲುಗಲಿಲ್ಲ. ಹೊರತೆಗೆದಾಗ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಲೋಹದ ಚೂರು ಸಿಕ್ಕಿಕೊಂಡಿತ್ತು. ತೊಳೆದು, ಕಂಪ್ರೆಸರ್ ಗಾಳಿ ಹಿಡಿದು, ಹೊಸ ಆಯಿಲ್ ಸವರಿ, ಸ್ಪ್ರಿಂಗ್ ಇಲ್ಲದೆ ಮತ್ತೆ ಕೂರಿಸಿದರು. ಅಚ್ಚನ್ನು ನೆಟ್ಟಗೆ ಹಿಡಿದಾಗ ವಾಲ್ವ್ ತನ್ನ ಭಾರಕ್ಕೇ ಸಲೀಸಾಗಿ ಜಾರಿತು.

ಮರುದಿನ ಶಿಕ್ಷಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೂಲಿ ವಾಪಸ್ ಕೊಟ್ಟೆವು. ಬಿಡಿಭಾಗದ ಹಣ ಮಾತ್ರ ಹೋದದ್ದು ಹೋಯಿತು. ‘ಮೊದಲೇ ನೋಡಬಹುದಿತ್ತಲ್ಲಪ್ಪ’ ಎಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಹೇಳಿದ ಆ ‘ಮೊದಲೇ’ ಎಂಬುದಕ್ಕೆ ಒಂದು ಕ್ರಮವಿದೆ. ಆಯಿಲ್ ಮಟ್ಟ ಸರಿಯಿದೆಯೇ? ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ? ವೈರು, ಕನೆಕ್ಟರ್ ಗಟ್ಟಿಯಿವೆಯೇ? ಸೊಲೆನಾಯ್ಡ್‌ನ ರೆಸಿಸ್ಟೆನ್ಸ್ ಎಷ್ಟು? ಇವನ್ನೆಲ್ಲ ನೋಡಿದ ಮೇಲೆಯೇ ವಾಲ್ವ್ ಬಾಡಿಗೆ ಕೈ ಹಾಕಬೇಕು. ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಫೋಟೊ ತೆಗೆಯಬೇಕು. ಒಂದು ಪುಟ್ಟ ಚೆಕ್ ಬಾಲ್ ಜಾಗ ತಪ್ಪಿದರೂ ಗೇರ್ ಬೀಳುವ ರೀತಿ ಕೆಡುತ್ತದೆ. ಎಳೆ ಬಿಡುವ ಬಟ್ಟೆಯಿಂದ ಒರೆಸಬಾರದು, ಆ ಎಳೆಯೇ ಮುಂದಿನ ಕಸ. ಮರಳು ಕಾಗದದಿಂದ ಉಜ್ಜಿದರೆ ವಾಲ್ವ್‌ನ ಮೇಲಿನ ಗಟ್ಟಿ ಪದರ ಹೋಗಿ ಆಯಿಲ್ ಸೋರುತ್ತದೆ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು.

ತೊಳೆದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ವಾಲ್ವ್ ಓಡಾಡುವ ರಂಧ್ರವೇ ಸವೆದಿದ್ದರೆ ಅಲ್ಲಿ ಒತ್ತಡ ನಿಲ್ಲದು. ಆಗ ಆ ರಂಧ್ರವನ್ನು ರಿಪೇರಿ ಮಾಡಿಸಬೇಕು, ಇಲ್ಲವೇ ಹೊಸ ವಾಲ್ವ್ ಬಾಡಿ ಹಾಕಬೇಕು. ಆದರೆ ಬದಲಿಸಲೇಬೇಕಾದಾಗಲೂ ಹಳೆಯದನ್ನು ಬಿಚ್ಚಿ ನೋಡಬೇಕು. ಒಳಗಿನ ಕಸ ಎಲ್ಲಿಂದ ಬಂತು, ಕ್ಲಚ್ ಸವೆದು ಬಂತೋ, ಬೇರಿಂಗ್ ತಿಂದು ಬಂತೋ ಎಂದು ತಿಳಿಯದೆ ಹೊಸದು ಕೂರಿಸಿದರೆ ಅದೇ ಕಸ ಹೊಸದನ್ನೂ ಕೆಡಿಸುತ್ತದೆ.

‘ಅಷ್ಟು ಹೊತ್ತು ಯಾರಿಗಿದೆ?’ ಎಂದು ಗೆಳೆಯರು ಕೇಳುತ್ತಾರೆ. ನಿಜ, ಬಿಚ್ಚಿ ತೊಳೆದು ಜೋಡಿಸಲು ಅರ್ಧ ದಿನವಾದರೂ ಬೇಕು. ಗ್ರಾಹಕರೂ ಬಿಡಿಭಾಗಕ್ಕೆ ಸಾವಿರಗಟ್ಟಲೆ ಕೊಟ್ಟಾರು, ಪರೀಕ್ಷೆಗೆ ಐನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹಾಗಿದ್ದರೆ ಪರೀಕ್ಷೆಯ ಶುಲ್ಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯೋಣ, ಕಾರಣವನ್ನು ಬಾಯಿಬಿಟ್ಟು ಹೇಳೋಣ. ಎಲ್ಲವನ್ನೂ ನೋಡಿಯೇ ಬದಲಿಸಿ ಎಂದಾಗ ಅದು ಸಲಹೆ. ನೋಡದೆ ಹೇಳಿದರೆ ಊಹೆ, ಅದಕ್ಕೆ ದುಡ್ಡು ತೆರುವವರು ಬೇರೆಯವರು.

ಮೂರು ವರ್ಷದ ಡಿಪ್ಲೊಮಾದಲ್ಲಿ ನಾನು ಮ್ಯಾನ್ಯುವಲ್ ಗೇರ್‌ಬಾಕ್ಸ್ ಬಿಚ್ಚಿದ್ದೆ. ಆಟೊಮ್ಯಾಟಿಕ್ ಮಾತ್ರ ಗೋಡೆಯ ಮೇಲಿನ ಚಿತ್ರವಾಗಿಯೇ ಉಳಿಯಿತು. ನಿಮ್ಮ ಕಾಲೇಜಿನಲ್ಲೂ ಹಾಗೇ ಇದ್ದರೆ ಸುಮ್ಮನೆ ಕೂರಬೇಡಿ. ಹತ್ತಿರದ ಗ್ಯಾರೇಜಿನಲ್ಲಿ ಗುಜರಿಗೆ ಹೋಗುವ ವಾಲ್ವ್ ಬಾಡಿಯೊಂದನ್ನು ಕೇಳಿ ತನ್ನಿ. ನಾಲ್ಕು ಜನ ಸೇರಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ. ಪಾರ್ಟ್ ಬದಲಿಸುವ ಕೆಲಸವನ್ನು ಯಾರಾದರೂ ಕಲಿತಾರು. ಏಕೆ ಕೆಟ್ಟಿತು ಎಂದು ಹೇಳಬಲ್ಲವರನ್ನು ಗ್ಯಾರೇಜು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಶಿಕ್ಷಕರ ಕಾರಿನ ಆ ಹಳೆಯ ವಾಲ್ವ್ ಬಾಡಿ ಈಗಲೂ ನನ್ನ ಟೇಬಲ್ ಮೇಲಿದೆ. ಗ್ಯಾರೇಜಿಗೆ ಹೊಸ ಹುಡುಗರು ಬಂದರೆ ಮೊದಲು ಅದನ್ನೇ ಅವರ ಕೈಗೆ ಕೊಡುತ್ತೇನೆ. ಸ್ಕ್ಯಾನರ್ ಆಮೇಲೆ.