ಬರಹದ ಪರಿಭಾಷೆಯೂ ಬರೆಯುವ ಕೈಯೂ

ಚಿಂಚೋಳಿಯ ಮಗ್ಗುಲಲ್ಲಿ ಹರಿಯುವ ಮುಲ್ಲಾಮಾರಿಯು ಮುಂದೆ ಕಾಗಿಣೆಯನ್ನು ಕೂಡುತ್ತದೆ. ಅದೇ ಕಾಗಿಣೆಯ ದಂಡೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯನು 'ಕವಿರಾಜಮಾರ್ಗ'ವನ್ನು ರಚಿಸಿದನು. ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಇದು ಕಥೆಯೂ ಅಲ್ಲ, ಪುರಾಣವೂ ಅಲ್ಲ. ದೋಷವಾವುದು, ಗುಣವಾವುದು, ಪ್ರಾಸವೆಂದರೇನು, ಅಲಂಕಾರವೆಂದರೇನು ಎಂದು ಬರೆಯುವವನಿಗೆ ತಿಳಿಸಿಕೊಡುವ ಕೈಪಿಡಿ. ಇಂಥ ಸೀಮೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದ ತರುಣನು ಪಹಣಿಯ ತಪ್ಪೊಂದನ್ನು ತಿದ್ದಿಸಿಕೊಳ್ಳಲು, ಅರ್ಜಿ ಬರೆದುಕೊಡುವವರಿಗೆ ಹಣ ತೆತ್ತು ತಹಸೀಲ್ ಕಚೇರಿಯ ಮುಂದೆ ನಿಲ್ಲಬೇಕಾಗುವುದು ಶಿಕ್ಷಕವರ್ಗವು ಯೋಚಿಸತಕ್ಕ ಸಂಗತಿ. ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಅವನು ಪೂರ್ಣ ಅಂಕಗಳನ್ನೇ ಪಡೆದಿರಬಹುದು!

ಇದಕ್ಕೆ ಹಿಂದಿನ ಕಾಲದ ಕಾರಣವೊಂದುಂಟು. ನಿಜಾಮರ ಆಳ್ವಿಕೆಯಲ್ಲಿ ಮೇಲಿನ ತರಗತಿಗಳ ಪಾಠವು ಉರ್ದುವಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಆ ತಲೆಮಾರಿನವರಿಗೆ ನಾಮಪದವು 'ಇಸ್ಮ್', ಕ್ರಿಯಾಪದವು 'ಫೇಲ್'. (ಇಂದಿನ ಬಾಲಕನು ಆ ಎರಡನೆಯ ಶಬ್ದವನ್ನು ಕೇಳಿದರೆ ಬೆಚ್ಚಿಬಿದ್ದಾನು.) 1948ರಲ್ಲಿ ವಿಮೋಚನೆ, 1956ರ ನವೆಂಬರ್ 1ರಂದು ಏಕೀಕರಣ, ಕನ್ನಡದ ಪಾಠಪುಸ್ತಕಗಳು ಬಂದವು. ಹೆಸರುಗಳು ಬದಲಾದವು, ಅವನ್ನು ಬಾಯಿಪಾಠ ಮಾಡಿಸುವ ರೀತಿ ಬದಲಾಗಲಿಲ್ಲ.

ಉಪಮೆಯ ಲಕ್ಷಣವನ್ನು ಹೇಳೆಂದರೆ ವಿದ್ಯಾರ್ಥಿಯು ತಡವರಿಸದೆ ಹೇಳುತ್ತಾನೆ. ಸ್ವಂತದ್ದೊಂದು ಉಪಮೆಯನ್ನು ಕೊಡೆಂದರೆ ಮುಖ, ಕಮಲ, ಚಂದ್ರರನ್ನು ಬಿಟ್ಟು ಕದಲುವುದಿಲ್ಲ. ಕಣ್ಣೆದುರಿನ ತೊಗರಿಯ ಹೊಲ, ಜೋಳದ ತೆನೆ, ಬಿಸಿಲಿಗೆ ಕಾದ ಶಹಾಬಾದಿನ ಹಾಸುಗಲ್ಲು ಇವು ಉಪಮಾನವಾಗಬಲ್ಲವೆಂದು ಅವನಿಗೆ ಯಾರೂ ಹೇಳಿಲ್ಲ. ಅವನ ಅಜ್ಜಿಯು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದು ತ್ರಿಪದಿ. ಅವಳಿಗೆ ಹಾಡು ಬರುತ್ತಿತ್ತು, ಹೆಸರು ತಿಳಿದಿರಲಿಲ್ಲ. ಮೊಮ್ಮಗನಿಗೆ ಹೆಸರು ಗೊತ್ತು, ಹಾಡು ಬಾರದು.

ಪರಿಭಾಷೆಯ ಶಬ್ದಗಳು ಕಠಿಣವೆಂಬ ದೂರು ಅಷ್ಟೇನೂ ನಿಜವಲ್ಲ. ಬಾಲಕನು ದಿನವೂ ಎರಡು ಗೋಡೆಗಳ ನಡುವಿನ ಸಂದಿಯನ್ನು ಹಾದು ಶಾಲೆಗೆ ಬರುತ್ತಾನೆ. ಎರಡು ಅಕ್ಷರಗಳು ಕೂಡುವ ವ್ಯಾಕರಣದ ಸಂಧಿ, ಕುಮಾರವ್ಯಾಸ ಭಾರತದ ಅಧ್ಯಾಯಕ್ಕಿರುವ ಸಂಧಿಯೆಂಬ ಹೆಸರು, ಈ ಓಣಿಯ ಸಂದಿ ಮೂರೂ ಒಂದೇ ಮೂಲದವು ಎಂದು ತಿಳಿಸಲು ಐದು ನಿಮಿಷ ಸಾಕು. 'ವಚನ'ವೂ ಹಾಗೆಯೇ. ಶರಣರ ವಚನ, ಏಕವಚನ ಬಹುವಚನ, ಕೊಟ್ಟ ವಚನ ಇವು ಮೂರು ಬೇರೆ ಬೇರೆ ಪಾಠಗಳಲ್ಲಿ ಬಂದು ಹೋಗುತ್ತವೆ. ಒಮ್ಮೆಯೂ ಒಂದೆಡೆ ಕೂಡುವುದಿಲ್ಲ. ಇನ್ನು 'ಕಡತ'. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಮೂಲದ ಕಡತ. ವರ್ತಕರ ಲೆಕ್ಕವೂ ಮಠಗಳ ದಾಖಲೆಯೂ ಅದರಲ್ಲಿರುತ್ತಿದ್ದವು. ಅಳಿಸಿ ಮತ್ತೆ ಬರೆಯಲು ಬರುತ್ತಿತ್ತು.

ಅಳಿಸಿ ಮತ್ತೆ ಬರೆಯುವ ಈ ಅಭ್ಯಾಸವೇ ಇಂದಿನ ತರಗತಿಯಲ್ಲಿ ಕಾಣದಿರುವುದು. ಪ್ರಬಂಧವನ್ನು ಗೈಡಿನಿಂದ ಒಮ್ಮೆಗೇ ಶುದ್ಧಪ್ರತಿಯಾಗಿ ಇಳಿಸುವ ಹುಡುಗನಿಗೆ 'ಕರಡು' ಎಂಬ ಶಬ್ದದಿಂದ ಆಗಬೇಕಾದುದೇನು? ಪೀಠಿಕೆ, ವಿಷಯನಿರೂಪಣೆ, ಉಪಸಂಹಾರ ಎಂಬ ತಲೆಬರಹಗಳನ್ನು ಅವನು ಅಡಿಗೆರೆ ಎಳೆದು ಬರೆಯುತ್ತಾನೆ. ಅವುಗಳ ಕೆಳಗಿನ ವಾಕ್ಯಗಳು ಇಡೀ ತರಗತಿಯಲ್ಲಿ ಒಂದೇ. ತಿಂಗಳಿಗೊಂದೇ ಬರಹ ಸಾಕು. ಆದರೆ ಕರಡು, ತಿದ್ದುಪಡಿ, ಶುದ್ಧಪ್ರತಿ ಮೂರನ್ನೂ ಅವನ ಕೈಯಿಂದಲೇ ಮಾಡಿಸಬೇಕು. ಕರಡೆಂದರೆ ತಿಳಿಯದಿದ್ದಲ್ಲಿ 'ಮಸೂದೆ' ಎನ್ನಲಿ. ಕಾಗದ, ಕಲಮು, ಅರ್ಜಿ, ನಕಲುಗಳಂತೆ ಅದೂ ಈ ಭಾಗದ ಜನರ ಮಾತೇ. ಅದನ್ನು ಹೊರಗಟ್ಟುವ ಮಡಿವಂತಿಕೆ ಬೇಡ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳಿಗಂತೂ ಲಕ್ಷಣವಾಕ್ಯಕ್ಕಿಂತ ಕೈಯ ಕೆಲಸವೇ ಬೇಗ ಹತ್ತುತ್ತದೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಶೇಕಡಾ 75ನ್ನು ದಾಟಿದ್ದಾಗ ಕಲಬುರಗಿ ಜಿಲ್ಲೆಯದು 65ರ ಆಸುಪಾಸಿನಲ್ಲಿತ್ತು. ಅಂದರೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ಶಾಲೆಗೆ ಬರುವ ಮಗುವೇ ಬರೆಯಬಲ್ಲ ಮೊದಲ ಕೈ. ತಂದೆಯ ಅರ್ಜಿಯನ್ನೂ ನೆರೆಯವರ ಅಹವಾಲನ್ನೂ ಅದೇ ಬರೆಯಬೇಕು.

ಉದಾರ ದಾನಿಗಳು ಕೊಠಡಿಗಳನ್ನು ಕಟ್ಟಿಸಿದ್ದಾರೆ, ಬಾಗಿಲ ಮೇಲೆ ಅವರ ಹೆಸರಿನ ಕಲ್ಲುಗಳಿವೆ, ಅದು ಯೋಗ್ಯವೇ. ಪ್ರತಿ ಕೊಠಡಿಗೂ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟಿನ ಒಂದು ಪ್ರತಿಯನ್ನು ಕೊಡಿಸಲು ಒಂದು ಕಲ್ಲಿನ ಖರ್ಚೂ ಆಗಲಾರದು. ಆದರೆ ಅದನ್ನು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಟ್ಟು ಬೀಗ ಹಾಕಬಾರದು. ಮಕ್ಕಳ ಕೈಗೆಟಕುವ ಮಾಡದಲ್ಲಿ ಇಡಬೇಕು. ಹಾಳೆ ಹರಿದರೆ ಮುಂದಿನ ವರ್ಷ ಮತ್ತೊಂದು ಪ್ರತಿಯನ್ನು ತಂದರಾಯಿತು.