ಬರ್ತಾ ಒಂದು ಟೇಪು ತಗೊಂಡು ಬಾ

ಹೋದ ತಿಂಗಳು ಊರಿಗೆ ಹೊರಡೋ ಹಿಂದಿನ ರಾತ್ರಿ ಅಮ್ಮನ ಫೋನ್ ಬಂತು. "ಬರ್ತಾ ಒಂದು ಟೇಪು ತಗೊಂಡು ಬಾರೆ, ಇಲ್ಲಿರೋದು ಹಾಳಾಗಿದೆ." ಸರಿ ಅಂತ ಮಲಗಿದಲ್ಲೇ ಆ್ಯಪ್ ತೆಗೆದು ಆರ್ಡರ್ ಮಾಡಿದೆ. ಸ್ವಲ್ಪ ಹೊತ್ತಿಗೇ ಬಾಗಿಲಿಗೆ ಬಂತು, ಎರಡಿಂಚು ಅಗಲದ ಕಂದು ಬಣ್ಣದ ಪ್ಯಾಕಿಂಗ್ ಟೇಪು. ಮಾರನೇ ದಿನ ಅರಸೀಕೆರೆಯ ಮನೇಲಿ ಬ್ಯಾಗಿಂದ ಅದನ್ನ ತೆಗೆದು ಕೊಟ್ಟರೆ, ಅಮ್ಮ ಟೇಪನ್ನೊಂದು ಸಲ ನೋಡಿದಳು, ನನ್ನನ್ನೊಂದು ಸಲ ನೋಡಿದಳು. "ಇದನ್ನ ಇಟ್ಕೊಂಡು ಬ್ಲೌಸ್ ಅಳತೆ ತಗೊಳ್ಳಲೇನೇ?"

ನಮ್ಮಮ್ಮ ಮನೇಲೇ ಬ್ಲೌಸ್ ಹೊಲಿಯೋಳು. ಮೂವತ್ತು ವರ್ಷದಿಂದ ಅವಳ ಕೊರಳಲ್ಲಿ ತಾಳಿ ಸರದ ಜೊತೆ ಟೇಪೂ ಇದೆ. ನಾನು ಅದನ್ನ ಮರೆತು ಪ್ಯಾಕಿಂಗ್ ಟೇಪ್ ತಂದೆ ಅಂದರೆ, ಬೆಂಗಳೂರಲ್ಲಿ ನನ್ನ ಬಾಳು ಎಷ್ಟು ಸಲ ಮನೆ ಖಾಲಿ ಮಾಡೋದರಲ್ಲೇ ಕಳೆದಿದೆ ಅಂತ ನೀವೇ ಊಹಿಸಿಕೊಳ್ಳಿ. ಅವಳ ಹಳೇ ಟೇಪು ನೋಡಿದೆ. ಒಂದು ಬದಿ ಇಂಚು, ಒಂದು ಬದಿ ಸೆಂಟಿಮೀಟರ್, ಒಟ್ಟು ಅರವತ್ತು ಇಂಚು. ತುದಿಯ ಲೋಹದ ಪಟ್ಟಿ ಯಾವಾಗಲೋ ಬಿದ್ದುಹೋಗಿ ಮೊದಲ ಎರಡು ಇಂಚು ಹರಿದಿದೆ. "ಮತ್ತೆ ಹೇಗೆ ಅಳೀತಿದ್ದೆ?" ಅಂದೆ. "ಮೂರರಿಂದ ಹಿಡಿದು ಅಳೆದು ಮೂರು ಕಳೀತೀನಿ, ಅದೇನು ಮಹಾ" ಅಂದಳು. ನಮ್ಮ ಆಫೀಸಲ್ಲಿ ಇಷ್ಟಕ್ಕೆ ಒಂದು ಎಕ್ಸೆಲ್ ಶೀಟ್ ಮಾಡ್ತೀವಿ.

ಯೋಚನೆ ಮಾಡಿದರೆ ನಮ್ಮನೇಲಿ ಈ ಒಂದು ಪದ ಯಾರಿಗೂ ಒಂದೇ ಥರ ಕೇಳಿಸಿಲ್ಲ. ತಮ್ಮನಿಗೆ ಟೇಪು ಅಂದರೆ ಇನ್ಸುಲೇಷನ್ ಟೇಪು. ಬ್ಯಾಟಿನ ಹಿಡಿಗೆ, ಸೈಕಲ್ ಬ್ರೇಕಿಗೆ, ಇಸ್ತ್ರಿ ಪೆಟ್ಟಿಗೆಯ ವೈರಿಗೆ, ಎಲ್ಲಕ್ಕೂ ಅದೇ. ನನಗೆ ಶಾಲೆ ಮುಗಿಯೋವರೆಗೂ ಟೇಪು ಅಂದರೆ ಜಡೆಗೆ ಕಟ್ಟೋದು. ನಮ್ಮ ಯೂನಿಫಾರ್ಮಿಗೆ ಕೆಂಪು ಟೇಪು, ಎರಡು ಜಡೆ, ಮಡಚಿ ಕಟ್ಟಬೇಕು. ಅಪ್ಪ ಓದೋ ಪೇಪರಲ್ಲಿ 'ಕೆಂಪು ಪಟ್ಟಿಯಿಂದ ಕಾಮಗಾರಿ ವಿಳಂಬ' ಅಂತ ನೋಡಿದಾಗೆಲ್ಲ, ಪಾಪ ಯಾವುದೋ ಹುಡುಗಿ ಜಡೆ ಹಾಕಿಕೊಳ್ಳೋದು ತಡ ಮಾಡಿದ್ದಾಳೆ ಅಂದುಕೊಳ್ತಿದ್ದೆ. ಇಂಗ್ಲೆಂಡಿನ ಕಚೇರಿಗಳಲ್ಲಿ ಕಡತಗಳನ್ನ ಕೆಂಪು ಪಟ್ಟಿಯಲ್ಲಿ ಕಟ್ಟಿಡ್ತಿದ್ದರು, ಆ ಮಾತು ಅಲ್ಲಿಂದ ಬಂದಿದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಇನ್ನು ಮಾವನಿಗೆ ಟೇಪು ಅಂದರೆ ಟೇಪ್ ರೆಕಾರ್ಡರು. "ಟೇಪ್ ಹಾಕು" ಅಂದರೆ ಹಾಡು ಹಾಕು ಅಂತ. ನಾನು ಹೇಳಬೇಕಾಗಿರೋದು ಆ ಟೇಪಿನ ವಿಷಯ.

ಮಧ್ಯಾಹ್ನ ಊಟ ಆದಮೇಲೆ ಅಮ್ಮ, "ಮಿಷನ್ ಡ್ರಾನಲ್ಲಿ ಇನ್ನೊಂದು ಹಳೇ ಟೇಪು ಇರಬೇಕು ನೋಡು" ಅಂದಳು. ಬಾಬಿನ್ನು, ಹುಕ್ಕು, ಚಾಕ್ ಪೀಸಿನ ಕೆಳಗೆ ಕೈಗೆ ಸಿಕ್ಕಿದ್ದು ಒಂದು ಕ್ಯಾಸೆಟ್ಟು. ಮೇಲೆ ನೀಲಿ ಇಂಕಲ್ಲಿ ಮಾವನ ಅಕ್ಷರ: 'ಅವ್ವ, ಸೋಬಾನೆ, 1992'. ಕ್ಯಾಸೆಟ್ಟಿನ ಬೆನ್ನಿನ ಮೂಲೇಲಿ ಹಳದಿ ತಿರುಗಿದ ಒಂದು ಚೂರು ಸೆಲೋ ಟೇಪು. ನೋಡಿದ ತಕ್ಷಣ ಹೊಟ್ಟೆಯೊಳಗೆ ಏನೋ ಇಳಿದ ಹಾಗಾಯ್ತು.

ಕ್ಯಾಸೆಟ್ ಮುಟ್ಟಿರದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಪುಟ್ಟ ಡಬ್ಬಿಯ ಬೆನ್ನಲ್ಲಿ, ಎರಡು ಮೂಲೆಗೆ ಎರಡು ಪ್ಲಾಸ್ಟಿಕ್ ಚಿಪ್ಪು ಇರ್ತಾವೆ, ಒಂದೊಂದು ಬದಿಗೆ ಒಂದೊಂದು. ಅದನ್ನ ಮುರಿದುಬಿಟ್ಟರೆ ಅಲ್ಲೊಂದು ತೂತಾಗುತ್ತೆ. ಆಮೇಲೆ ರೆಕಾರ್ಡ್ ಬಟನ್ ಎಷ್ಟು ಒತ್ತಿದರೂ ಇಳಿಯಲ್ಲ. ಅಂದರೆ ಒಳಗಿರೋದನ್ನ ಯಾರೂ ಅಳಿಸೋಕಾಗಲ್ಲ. ಆದರೆ ಆ ತೂತಿನ ಮೇಲೆ ಒಂದು ಚೂರು ಸೆಲೋ ಟೇಪ್ ಅಂಟಿಸಿದರೆ ಮುಗೀತು, ಮಿಷನ್ನಿಗೆ ಚಿಪ್ಪು ಇನ್ನೂ ಇದೆ ಅನ್ನಿಸಿ ಬಟನ್ ಇಳಿಯುತ್ತೆ.

ಚಿಕ್ಕಮ್ಮನ ಮದುವೇಲಿ ಅಜ್ಜಿ ಹಾಡಿದ್ದನ್ನ ಮಾವ ರೆಕಾರ್ಡ್ ಮಾಡಿ, ಮರೆಯದೆ ಎರಡೂ ಚಿಪ್ಪು ಮುರಿದಿಟ್ಟಿದ್ದ. 1996ರಲ್ಲಿ ಅಜ್ಜಿ ಹೋದಳು. 1999ರಲ್ಲಿ ಒಂಬತ್ತು ವರ್ಷದ ನಾನು, ರೇಡಿಯೋದಲ್ಲಿ ಬರ್ತಿದ್ದ ಒಂದು ಸಿನಿಮಾ ಹಾಡು ಬೇಕೇ ಬೇಕು ಅಂತ, ಕ್ರಾಫ್ಟ್ ಡಬ್ಬಿಯ ಸೆಲೋ ಟೇಪ್ ಕತ್ತರಿಸಿ ಆ ತೂತು ಮುಚ್ಚಿದೆ. ಈ ಉಪಾಯ ಪಕ್ಕದ ಮನೆ ಅಣ್ಣ ಹೇಳಿಕೊಟ್ಟಿದ್ದು. ಅದು ಅಜ್ಜಿಯ ಕ್ಯಾಸೆಟ್ ಅಂತ ಗೊತ್ತಿತ್ತಾ ಅಂದರೆ, ಗೊತ್ತಿತ್ತು. ಓದೋಕೆ ಬರ್ತಿತ್ತಲ್ಲ.

ರೆಕಾರ್ಡ್ ಒತ್ತಿದಾಗ ಟೇಪು ಮೊದಲು ಅಳಿಸೋ ಹೆಡ್ ದಾಟಿ, ಆಮೇಲೆ ಬರೆಯೋ ಹೆಡ್ಡಿಗೆ ಬರುತ್ತೆ. ನಮ್ಮ ಫೋನಿನ ಹಾಗೆ ಮೂವತ್ತು ದಿನ ಕಾಯೋ ಕಸದ ಬುಟ್ಟಿ ಅದಕ್ಕಿಲ್ಲ. ಹೋಗಿದ್ದು ಹೋಯ್ತು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. ಐದು ನಿಮಿಷದ ಹಾಡು ಅಂದರೆ ಹದಿನಾಲ್ಕು ಮೀಟರಿಗೂ ಜಾಸ್ತಿ. ಅಮ್ಮನ ಕೊರಳಿನ ಟೇಪಲ್ಲಿ ಅಳೆದರೆ ಒಂಬತ್ತು ಟೇಪಿನುದ್ದ ದಾಟುತ್ತೆ. ಅಷ್ಟು ಅಜ್ಜಿಯನ್ನ ನಾನು ಅಳಿಸಿದ್ದೆ.

ಮಾವನ ಟೇಪ್ ರೆಕಾರ್ಡರ್ ಅಟ್ಟದ ಮೇಲಿತ್ತು. ಬೆಲ್ಟು ಕರಗಿ ಅಂಟು ಅಂಟಾಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಮಿಕ್ಸಿ ರಿಪೇರಿ ಮಾಡೋ ಯಜಮಾನರೊಬ್ಬರು ಹೊಸ ಬೆಲ್ಟ್ ಹಾಕಿಕೊಟ್ಟರು. "ಮೊದಲೇ ಪ್ಲೇ ಒತ್ತಬೇಡಮ್ಮ. ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸು. ವರ್ಷಗಟ್ಟಲೆ ಸುತ್ತಿಟ್ಟ ಟೇಪು ಒಂದಕ್ಕೊಂದು ಅಂಟಿರುತ್ತೆ" ಅಂದರು. ನಿಮ್ಮನೇಲೂ ಇಂಥ ಕ್ಯಾಸೆಟ್ ಇದ್ದರೆ ಇದನ್ನ ನೆನಪಿಟ್ಟುಕೊಳ್ಳಿ. ಇಯರ್‌ಫೋನ್ ಹಾಕೋ ಜಾಗದಿಂದ ಲ್ಯಾಪ್‌ಟಾಪಿಗೆ ಒಂದು ವೈರ್ ಹಾಕಿ, ಅಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕು. ದೊಡ್ಡ ಖರ್ಚೇನಿಲ್ಲ.

ರಾತ್ರಿ ಪ್ಲೇ ಒತ್ತಿದೆ. ಮೊದಲು ಬಂದಿದ್ದು ಆ ಸಿನಿಮಾ ಹಾಡು, ರೇಡಿಯೋ ಕರಕರದ ಜೊತೆ. ಟೇಪ್ ರೆಕಾರ್ಡರಿನ ಮೈಕಲ್ಲೇ ಹಿಡಿದಿದ್ದಲ್ವಾ, ಹಿಂದೆ ಕುಕ್ಕರ್ ಕೂಗಿದ್ದೂ ಇದೆ, ಹೊಲಿಗೆ ಮಿಷನ್ ಓಡೋದೂ ಇದೆ. ನಡುವೆ ನನ್ನ ಧ್ವನಿ, "ಶ್, ಯಾರೂ ಮಾತಾಡಬೇಡಿ!" ಅಂತ. ಹಾಡು ಮುಗೀತು, 'ಟಕ್' ಅಂತ ಶಬ್ದ ಬಂತು. ಆಮೇಲೆ ಪದದ ಮಧ್ಯದಿಂದ ಅಜ್ಜಿ ಶುರುವಾದಳು. ಹಿಂದೆ ನಾಲ್ಕೈದು ಹೆಂಗಸರು ಸೊಲ್ಲು ಹಿಡೀತಿದ್ದಾರೆ. ಆ ಸಾಲಿನ ಮೊದಲರ್ಧ ಏನಿತ್ತು ಅಂತ ಅಮ್ಮನಿಗೂ ನೆನಪಿಲ್ಲ.

ಇನ್ನೊಂದು ಬದಿಗೆ ನಾನು ಟೇಪ್ ಅಂಟಿಸಿರಲಿಲ್ಲ. ಅದು ಪೂರ್ತಿ ಇದೆ.

"ಅಮ್ಮ, ಇದು ನಾನೇ ಮಾಡಿದ್ದು" ಅಂದೆ. "ಗೊತ್ತು ಕಣೇ. ಅವತ್ತೇ ನೋಡಿದ್ದೆ. ನಿಮ್ಮ ಮಾವನಿಗೆ ಗೊತ್ತಾದರೆ ನಿನ್ನ ಚರ್ಮ ಸುಲೀತಾನೆ ಅಂತಲೇ ಡ್ರಾ ಒಳಗೆ ಹಾಕಿದ್ದು."

ಇಪ್ಪತ್ತು ವರ್ಷದ ಮೇಲೆ ಬಾಬಿನ್ನಿನ ಕೆಳಗೆ ಮುಚ್ಚಿಟ್ಟಿದ್ದಳು. ಅದರಿಂದ ಅವಳೂ ತನ್ನ ಅವ್ವನ ಧ್ವನಿ ಕೇಳಿರಲಿಲ್ಲ. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಮಾವನಿಗೆ ಕಳಿಸೋವಾಗ ಆ ಸಿನಿಮಾ ಹಾಡನ್ನ ಕತ್ತರಿಸಿಬಿಡ್ತೀನಿ" ಅಂದೆ.

"ಬೇಡ, ಇರಲಿ. ನನ್ನ ಮಿಷನ್ ಶಬ್ದ ಇದೆ ಅದರಲ್ಲಿ."

ಕತ್ತರಿಸದೇ ಕಳಿಸಿದೆ. ವಾಟ್ಸ್‌ಆ್ಯಪಲ್ಲಿ ಎರಡು ನೀಲಿ ಗೆರೆ ಬಿದ್ದು ಒಂದು ವಾರ ಮಾವ ಏನೂ ಹೇಳಲಿಲ್ಲ. ಎಂಟನೇ ದಿನ ಒಂದೇ ಸಾಲು ಬಂತು: 'ಸೆಲೋ ಟೇಪು ಯಾರು ಕೊಡಿಸಿದ್ದು ಅಂದ್ಕೊಂಡಿದ್ದೀಯ?'

ಕ್ರಾಫ್ಟ್ ಡಬ್ಬಿ ಮಾವನೇ ತಂದುಕೊಟ್ಟಿದ್ದು. ಅಮ್ಮನ ಟೇಪು ಮಾತ್ರ ಇನ್ನೂ ತಗೊಂಡಿಲ್ಲ. ಈ ಶನಿವಾರ ಚಿಕ್ಕಪೇಟೆಗೆ ಹೋಗಬೇಕು.